ಅಂತರಜಾಲದ ಜಾಹೀರಾತು: ನೀತಿಯೂ ನಿಯಮವೂ

ನಾನು ಸಣ್ಣವನಿದ್ದಾಗ ನಮ್ಮ ಹಳ್ಳಿಯಲ್ಲಿ ಡಂಗುರ ಸಾರುವ ಪದ್ಧತಿ ಇನ್ನೂ ಉಳಿದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಲ್ಲಿ ಹಲಗೆಯ ಸಪ್ಪಳ ಕೇಳಿಸುತ್ತಿತ್ತು. ಹುಡುಗರು ಆಟ ಬಿಟ್ಟು ಓಡುತ್ತಿದ್ದರು. ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳು ಹಿಟ್ಟಿನ ಕೈಯಲ್ಲಿಯೇ ಬಾಗಿಲಿಗೆ ಬರುತ್ತಿದ್ದರು. ಹಲಗೆಯವನು ನಾಲ್ಕು ಪೆಟ್ಟು ಬಾರಿಸಿ, ಇಂಥ ದಿನ ಪಟ್ಟಿ ಕಟ್ಟತಕ್ಕದ್ದು, ಇಂಥ ದಿನ ಗುಡಿಯ ಮುಂದಿನ ಮರಗಳ ಲಿಲಾವು ಎಂದು ಕೂಗಿ ಹೇಳಿ, ಮತ್ತೆ ನಾಲ್ಕು ಪೆಟ್ಟು ಬಾರಿಸಿ ಮುಂದಿನ ಓಣಿಗೆ ನಡೆಯುತ್ತಿದ್ದನು. ಆ ಎರಡು ಸಪ್ಪಳಗಳ ನಡುವೆ ಬಂದದ್ದು ಸಾರಿಕೆಯ ಮಾತು. ಅದರ ಆಚೆಗೆ ಅವನು ಆಡಿದ್ದು ಅವನ ಸ್ವಂತ ಮಾತು. ಈ ವ್ಯತ್ಯಾಸ ಅಕ್ಷರ ಬಾರದ ಮುದುಕಿಗೂ ಗೊತ್ತಿತ್ತು. ಯಾರ ಪರವಾಗಿ ಅವನು ಕೂಗುತ್ತಾನೆ ಎಂಬದೂ ಗೊತ್ತಿತ್ತು.

ಈಗ ನಮ್ಮೆಲ್ಲರ ಅಂಗೈಯಲ್ಲಿ ಒಂದೊಂದು ಮೊಬೈಲು ಇದೆ. ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಅದರಲ್ಲಿ ಸಾರಿಕೆಯೇ ಸಾರಿಕೆ. ಆದರೆ ಹಲಗೆಯ ಸಪ್ಪಳ ಮಾತ್ರ ಇಲ್ಲ. ಗೆಳೆಯನ ಮಗಳ ಮದುವೆಯ ಚಿತ್ರ, ಅದರ ಕೆಳಗೆ ಒಂದು ಸುದ್ದಿ, ಅದರ ಕೆಳಗೆ ಒಬ್ಬ ತಾಯಿ ತನ್ನ ಕಷ್ಟ ಹೇಳಿಕೊಳ್ಳುವ ಮಾತು, ಅದರ ಕೆಳಗೆ ಒಂದು ಹಾಡು. ಈ ನಾಲ್ಕರಲ್ಲಿ ಯಾವದು ಹಣ ಕೊಟ್ಟು ಹಾಕಿಸಿದ್ದು, ಯಾವದು ತಾನಾಗಿಯೇ ಬಂದದ್ದು? ವಯಸ್ಸಾದವರಿಗಷ್ಟೇ ಅಲ್ಲ, ಓದಿದವರಿಗೂ ಒಮ್ಮೊಮ್ಮೆ ತಿಳಿಯುವದಿಲ್ಲ. ಈ ತಿಳಿಯದಿರುವಿಕೆಯನ್ನೇ ಬಂಡವಾಳ ಮಾಡಿಕೊಂಡವರು ಕೆಲವರಿದ್ದಾರೆ. ಅದನ್ನು ಬೇಡವೆಂದು ನೇರವಾಗಿ ವ್ಯಾಪಾರ ಮಾಡುವವರೂ ಇದ್ದಾರೆ. ಈ ಎರಡು ದಾರಿಗಳ ಬಗೆಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಾನು ಕನ್ನಡ ಕಲಿಸುವವನು. ಆದುದರಿಂದ ಶಬ್ದದಿಂದಲೇ ಆರಂಭಿಸುತ್ತೇನೆ. ‘ಜಾಹೀರು’ ಎಂದರೆ ಬಹಿರಂಗ, ಎಲ್ಲರಿಗೂ ಕಾಣುವಂತಹದು. ಅರಬ್ಬೀ ಮೂಲದ ಈ ಮಾತು ಪಾರಸೀ, ಮರಾಠಿಗಳ ಹಾದಿಯಿಂದ ನಮ್ಮ ಕಡೆಗೆ ಬಂದು ‘ಜಾಹೀರಾತು’ ಆಗಿ ನೆಲೆಸಿದೆ. ಹಿಂದಿಯವರು ಇದೇ ಅರ್ಥಕ್ಕೆ ‘ವಿಜ್ಞಾಪನ’ ಎನ್ನುತ್ತಾರೆ. ಆ ಸಂಸ್ಕೃತ ಶಬ್ದದ ತದ್ಭವವೇ ನಮ್ಮ ‘ಬಿನ್ನಪ’, ‘ಬಿನ್ನಹ’. ಬಿನ್ನಹ ಮಾಡುವವನು ಇದಿರಿಗೆ ನಿಂತು, ಕೈ ಮುಗಿದು, ತಾನು ಯಾರೆಂದು ಹೇಳಿ, ತನ್ನ ಮಾತನ್ನು ಅರಿಕೆ ಮಾಡಿಕೊಳ್ಳುತ್ತಾನೆ. ಒಪ್ಪುವದು ಬಿಡುವದು ಕೇಳಿದವರ ಇಚ್ಛೆ. ಒಂದು ಶಬ್ದ ‘ಬಹಿರಂಗವಾಗಿರು’ ಎನ್ನುತ್ತದೆ, ಇನ್ನೊಂದು ‘ವಿನಯದಿಂದಿರು’ ಎನ್ನುತ್ತದೆ. ಈ ಉದ್ಯೋಗದ ನೀತಿಯೆಲ್ಲ ಈ ಎರಡು ಶಬ್ದಗಳಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ. ತಾನು ಜಾಹೀರಾತೆಂಬದನ್ನು ಮರೆಮಾಚುವ ಜಾಹೀರಾತು ತನ್ನ ಹೆಸರಿಗೇ ಸಲ್ಲದು.

ಹಿಂದಿನ ಮಾಧ್ಯಮಗಳು ಈ ಮರ್ಯಾದೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದವು. ಪತ್ರಿಕೆಯಲ್ಲಿ ಜಾಹೀರಾತಿನ ಸುತ್ತ ಒಂದು ಗೆರೆ ಇರುತ್ತಿತ್ತು. ಆಕಾಶವಾಣಿಯ ವಿವಿಧಭಾರತಿ 1957ರಲ್ಲಿ ಆರಂಭವಾಯಿತು. ಅದರಲ್ಲಿ ಜಾಹೀರಾತುಗಳಿಗೆ ಅವಕಾಶ ದೊರೆತದ್ದು ಹತ್ತು ವರ್ಷಗಳ ಮೇಲೆ, 1967ರ ನವೆಂಬರದಲ್ಲಿ. ಹಾಡು ಮುಗಿಯುತ್ತಿತ್ತು, ಸೋಪಿನ ಇಲ್ಲವೆ ಚಹಾದ ಮಾತು ಬರುತ್ತಿತ್ತು, ಮತ್ತೆ ಹಾಡು ಬರುತ್ತಿತ್ತು. ಹಾಡಿದವರೇ ನಡುವೆ ಹಾಡು ನಿಲ್ಲಿಸಿ ‘ನಾನು ಇದೇ ಸೋಪು ಹಚ್ಚುತ್ತೇನೆ’ ಎಂದು ಗುಟ್ಟಿನಲ್ಲಿ ಹೇಳುತ್ತಿರಲಿಲ್ಲ. ಆ ಕಾಲದಲ್ಲಿ ಸುಳ್ಳು ಜಾಹೀರಾತು ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಬೇಕಾದಷ್ಟಿದ್ದವು. ರೋಗಗಳನ್ನು ಮಂತ್ರದಿಂದ, ತಾಯಿತದಿಂದ, ಒಂದು ಪುಡಿಯಿಂದ ವಾಸಿ ಮಾಡುವೆವೆಂಬ ಪ್ರಕಟಣೆಗಳನ್ನು ತಡೆಯಲು 1954ರಷ್ಟು ಹಿಂದೆಯೇ ಕಾಯಿದೆ ಮಾಡಬೇಕಾಯಿತು. ಆ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹವೂ ಇದೆ. ಅಂತೂ ಸುಳ್ಳು ಹೊಸದಲ್ಲ. ಸುಳ್ಳಿಗೆ ದೊರೆತ ವೇಷ ಹೊಸದು.

ಅಂತರಜಾಲದಲ್ಲಿ ಜಾಹೀರಾತಿನ ವ್ಯವಹಾರ ಹೇಗೆ ನಡೆಯುತ್ತದೆ ಎಂಬದನ್ನು ಸ್ವಲ್ಪ ತಿಳಿದುಕೊಳ್ಳುವದು ಒಳ್ಳೆಯದು. ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಯಲ್ಲಿ ರೈತರು ತಂದ ಮಾಲಿಗೆ ಲಿಲಾವು ನಡೆಯುವದನ್ನು ನೀವು ನೋಡಿರಬಹುದು. ನೀವು ಮೊಬೈಲಿನಲ್ಲಿ ಒಂದು ಪುಟ ತೆರೆದ ಕ್ಷಣಕ್ಕೂ ಅದು ಕಣ್ಣಿಗೆ ಬೀಳುವ ಕ್ಷಣಕ್ಕೂ ನಡುವೆ ಅಂಥದೇ ಒಂದು ಲಿಲಾವು ನಡೆದುಹೋಗಿರುತ್ತದೆ. ಅಲ್ಲಿ ಮಾರಾಟವಾಗುವ ಮಾಲು ನಿಮ್ಮ ಲಕ್ಷ್ಯ. ಇವರು ಧಾರವಾಡದವರು, ಮೊನ್ನೆ ಮೊಣಕಾಲು ನೋವಿನ ಬಗೆಗೆ ಹುಡುಕಿದವರು ಎಂಬಂಥ ಗುರುತುಗಳ ಮೇಲೆ ಯಂತ್ರಗಳು ಬೆಲೆ ಕೂಗುತ್ತವೆ. ಹೆಚ್ಚಿಗೆ ಕೂಗಿದವನ ಜಾಹೀರಾತಿಗೆ ಸಾಮಾನ್ಯವಾಗಿ ಜಾಗ ಸಿಗುತ್ತದೆ. ಅನೇಕ ಸಲ ಅವನು ಹಣ ಕೊಡಬೇಕಾದದ್ದು ನೀವು ಅದನ್ನು ನೋಡಿದ್ದಕ್ಕಲ್ಲ, ಬೆರಳಿನಿಂದ ಒತ್ತಿದ್ದಕ್ಕೆ. ಹೀಗಾಗಿ ಒಳ್ಳೆಯ ಮಾಲನ್ನು ಕಾಣಿಸುವದಕ್ಕಿಂತ, ಹೇಗಾದರೂ ಮಾಡಿ ಬೆರಳನ್ನು ಎಳೆಯುವದೇ ಕೆಲವರಿಗೆ ವಿದ್ಯೆಯಾಗಿದೆ.

ಇದರಲ್ಲಿ ಒಳ್ಳೆಯದೂ ಇಲ್ಲದಿಲ್ಲ. ಅದನ್ನು ಮೊದಲು ಹೇಳಿಬಿಡುವದು ನ್ಯಾಯ. ದೊಡ್ಡ ಪತ್ರಿಕೆಯಲ್ಲಿ ಕಾಲು ಪುಟದ ಜಾಗ ಕೊಳ್ಳುವ ಶಕ್ತಿ ಇಲ್ಲದ ಸಣ್ಣ ಕುಶಲಕರ್ಮಿಗೆ ಅಂತರಜಾಲವು ಹೊಸ ಬಾಗಿಲು ತೆರೆದಿದೆ. ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು ಧಾರವಾಡದಲ್ಲಿ ಕಸೂತಿ ಹಾಕುತ್ತಾಳೆ. ಬಟ್ಟೆಯ ಮೇಲೆ ಗುರುತು ಬರೆದುಕೊಳ್ಳದೆ, ಎಳೆ ಎಣಿಸಿ ಹಾಕುವ ಕಲೆಯಿದು. ಗಾವಂಟಿ, ಮುರ್ಗಿ, ನೇಗಿ, ಮೆಂತೆ ಎಂದು ಅದರ ನಾಲ್ಕು ಹೊಲಿಗೆಗಳು. ಗಾವಂಟಿ ಮತ್ತು ಮುರ್ಗಿಯ ವಿಶೇಷವೆಂದರೆ ಬಟ್ಟೆಯ ಮುಖ, ಬೆನ್ನು ಎರಡೂ ಒಂದೇ ರೀತಿ ಕಾಣುತ್ತವೆ, ಗಂಟು ಕಾಣುವದಿಲ್ಲ. ಆಕೆ ಜಾಲತಾಣದಲ್ಲಿ ತನ್ನ ಸೀರೆಯ ಚಿತ್ರ ಹಾಕುವಾಗ ಯಾವಾಗಲೂ ಎರಡು ಚಿತ್ರ ಹಾಕುತ್ತಾಳೆ: ಒಂದು ಮುಖದ್ದು, ಒಂದು ಬೆನ್ನಿನದು. ಕೆಳಗೆ ಇಷ್ಟೇ ಬರೆದಿರುತ್ತಾಳೆ: ‘ಕೈಯಿಂದ ಹಾಕಿದ್ದು. ಹೇಳಿದ ಮೇಲೆ ಮೂರು ತಿಂಗಳು ಬೇಕು. ಅವಸರ ಇದ್ದವರು ಬೇರೆ ಕಡೆ ನೋಡಬಹುದು.’ ಅದನ್ನು ನೋಡಿ ದೂರದ ಊರಿನವರು ಸೀರೆ ಕೇಳಿದ್ದಾರೆ.

ಅದೇ ಮೊಬೈಲಿನಲ್ಲಿ, ಆಕೆಯ ಸೀರೆಯ ಪಕ್ಕದಲ್ಲಿಯೇ, ಯಂತ್ರದಿಂದ ಹೊಲಿದ ಬಟ್ಟೆ ‘ಅಪ್ಪಟ ಧಾರವಾಡ ಕಸೂತಿ’ ಎಂಬ ಹೆಸರಿನಲ್ಲಿ ಬರುತ್ತದೆ. ಬೆಲೆ ಆಕೆಯದರ ಹತ್ತರಲ್ಲಿ ಒಂದು ಪಾಲು. ‘ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷದಲ್ಲಿ ಕೊಳ್ಳಿರಿ’ ಎಂಬ ಅವಸರ ಬೇರೆ. ನಾಳೆ ನೋಡಿದರೂ ಎರಡೇ ಉಳಿದಿರುತ್ತವೆ. ಯಂತ್ರದ ಬಟ್ಟೆ ಮಾರುವದು ತಪ್ಪಲ್ಲ; ಅದನ್ನು ಕೊಳ್ಳುವ ಬಡವರ ಮನೆಯ ಹುಡುಗಿಗೂ ಚೆಂದದ ಸೀರೆ ಉಡುವ ಹಕ್ಕಿದೆ. ಯಂತ್ರದ್ದನ್ನು ಕೈಯದೆಂದು ಹೇಳುವದು ತಪ್ಪು. ಕಸೂತಿಗೂ ಧಾರವಾಡದ ಪೇಡೆಗೂ 1999ರ ಕಾಯಿದೆಯ ಅಡಿಯಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆತಿದೆ. ಇಂಥ ಹೆಸರು ಇನ್ನು ಮೇಲೆ ಯಾರು ಬೇಕಾದರೂ ಡಬ್ಬಿಯ ಮೇಲೆ ಅಂಟಿಸಿಕೊಳ್ಳುವ ಚೀಟಿಯಲ್ಲ. ಅದು ಒಂದು ಸೀಮೆಯ ಜನರು ತಲೆಮಾರುಗಳಿಂದ ದುಡಿದು ಗಳಿಸಿದ ಆಸ್ತಿ.

ಹೆಸರಿನ ಕಳವಿಗೆ ನಮ್ಮ ಅವಳಿ ನಗರಕ್ಕೆ ಇನ್ನೂ ಹತ್ತಿರದ ಉದಾಹರಣೆಯೊಂದಿದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ರಾಷ್ಟ್ರಧ್ವಜವನ್ನು ತಯಾರಿಸುವ ಸಂಸ್ಥೆಯೆಂದು ದೇಶಕ್ಕೆಲ್ಲ ಗೊತ್ತು. ಧಾರವಾಡ ಜಿಲ್ಲೆಯ ಗರಗದಂಥ ಊರುಗಳಲ್ಲಿ ಧ್ವಜದ ಬಟ್ಟೆ ನೇಯ್ದ ಹೆಗ್ಗಳಿಕೆ ಇದೆ. ಎಳೆಯ ಲೆಕ್ಕ, ಬಣ್ಣದ ಹದ, ಚಕ್ರದ ಅಳತೆ ಎಲ್ಲವನ್ನೂ ಮಾನಕಕ್ಕೆ ಹಿಡಿದು ನೋಡುತ್ತಾರೆ, ಹೊಂದದಿದ್ದರೆ ಬಿಟ್ಟುಬಿಡುತ್ತಾರೆ. ಈ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಈಗ ಅಂತರಜಾಲದ ಅಂಗಡಿಗಳಲ್ಲಿ ‘ಖಾದಿ’ ಎಂಬ ಹೆಸರನ್ನು ನೋಡಿರಿ. ಖಾದಿಯೆಂದರೆ ಕೈಯಿಂದ ನೂತು ಕೈಯಿಂದ ನೇಯ್ದದ್ದು. 2013ರ ಖಾದಿ ಗುರುತಿನ ನಿಯಮಾವಳಿಯೂ ಇದೆ. ಹೀಗಿದ್ದೂ ಚರಕದ ಸಪ್ಪಳವನ್ನೇ ಕೇಳದ ಬಟ್ಟೆ, ಸಾಬೂನು, ಎಣ್ಣೆಗಳೆಲ್ಲ ಆ ಹೆಸರನ್ನು ಹೊತ್ತುಕೊಂಡು ಬಂದವು. 2020ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಪಟ್ಟು ಹಿಡಿದದ್ದರಿಂದ ಅಮೆಜಾನ್, ಫ್ಲಿಪ್‌ಕಾರ್ಟ್, ಸ್ನ್ಯಾಪ್‌ಡೀಲ್ ಮೊದಲಾದ ತಾಣಗಳು ಇಂಥ 160ಕ್ಕೂ ಹೆಚ್ಚು ಮಾರಾಟದ ಕೊಂಡಿಗಳನ್ನು ತೆಗೆದುಹಾಕಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. 2021ರ ಡಿಸೆಂಬರದಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆಯಿತು. ಆದುದರಿಂದ ಪಾಲಿಯೆಸ್ಟರ್ ಧ್ವಜವನ್ನು ಪಾಲಿಯೆಸ್ಟರ್ ಎಂದು ಹೇಳಿ ಮಾರುವವನು ನಿಯಮ ಮುರಿದವನಲ್ಲ. ಅದನ್ನೇ ಚರಕದ ಚಿತ್ರದ ಪಕ್ಕದಲ್ಲಿಟ್ಟು, ‘ಸ್ವದೇಶಿ ಭಾವನೆಯ ಧ್ವಜ’ ಎಂದು ಬರೆದು, ಬಟ್ಟೆ ಯಾವದೆಂಬದನ್ನು ಐದನೆಯ ಪುಟದಲ್ಲಿ ಇರುವೆಯಂಥ ಅಕ್ಷರದಲ್ಲಿ ಹಾಕಿದರೆ? ಅವನು ಎಲ್ಲಿಯೂ ಖಾದಿ ಎಂದು ಹೇಳಿಲ್ಲ. ನಾವೇ ಹಾಗೆ ತಿಳಿದುಕೊಂಡೆವು. ನಾವು ಹಾಗೆ ತಿಳಿದುಕೊಳ್ಳಲೆಂದೇ ಅವನು ಹಾಗೆ ಇಟ್ಟದ್ದು. ನಿಯಮ ಮತ್ತು ನೀತಿ ಬೇರೆ ಬೇರೆಯಾಗುವದು ಇಂಥ ಕಡೆಯಲ್ಲಿ.

ಇನ್ನು ನಿಯಮಗಳ ಮಾತು. ನಮ್ಮ ದೇಶದಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ಜಾಹೀರಾತು ಉದ್ಯಮದವರೇ ಕೂಡಿ 1985ರಲ್ಲಿ ಭಾರತೀಯ ಜಾಹೀರಾತು ಮಾನಕ ಮಂಡಳಿಯನ್ನು ಕಟ್ಟಿಕೊಂಡರು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ 2020ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಸ್ಥಾಪನೆಯಾಯಿತು. ದಾರಿ ತಪ್ಪಿಸುವ ಜಾಹೀರಾತಿಗೆ ಅದು 10 ಲಕ್ಷ ರೂಪಾಯಿಯವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. 2022ರ ಜೂನದಲ್ಲಿ ಹೊರಬಿದ್ದ ಮಾರ್ಗಸೂಚಿಗಳಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವಿದೆ: ಜಾಹೀರಾತಿನ ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು. ‘ಉಚಿತ’ ಎಂಬದು ಕನ್ನಡದಲ್ಲಿ, ‘ಷರತ್ತುಗಳು ಅನ್ವಯಿಸುತ್ತವೆ’ ಎಂಬದು ಇಂಗ್ಲಿಷಿನಲ್ಲಿ ಎಂದರೆ ನಡೆಯದು.

2023ರ ನವೆಂಬರದಲ್ಲಿ ಮತ್ತೊಂದು ಮಾರ್ಗಸೂಚಿ ಬಂತು. ಅಂತರಜಾಲದ ವ್ಯಾಪಾರದಲ್ಲಿ ಗಿರಾಕಿಯನ್ನು ಕತ್ತಲಲ್ಲಿಟ್ಟು ನಡೆಸುವ 13 ಬಗೆಯ ಕುಯುಕ್ತಿಗಳನ್ನು ಅದು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಅದರಲ್ಲಿ ಒಂದು. ನೀವು ಆರಿಸದ ವಸ್ತುವನ್ನು ನಿಮ್ಮ ಚೀಲದಲ್ಲಿ ಮೆಲ್ಲಗೆ ಇಡುವದು ಒಂದು. ಬೇಡವೆಂದು ಒತ್ತುವವರಿಗೆ ನಾಚಿಕೆಯಾಗುವಂಥ ಮಾತು ಬರೆಯುವದು ಒಂದು. ಸೇರಲು ಒಂದು ಬಾಗಿಲು, ಹೊರಬೀಳಲು ಹತ್ತು ಬಾಗಿಲು ಮಾಡಿಡುವದು ಒಂದು. ಬೆಲೆಯನ್ನು ತುಸು ತುಸುವಾಗಿ ಹನಿಸುತ್ತ ಕೊನೆಗೆ ಪೂರ್ತಿ ಹೇಳುವದು ಇನ್ನೊಂದು. ನಾನು ಮೊದಲು ಹೇಳಿದ ಮಾರುವೇಷದ ಜಾಹೀರಾತೂ ಆ ಪಟ್ಟಿಯಲ್ಲಿದೆ. ಗಿರಾಕಿಗಳ ಅಭಿಪ್ರಾಯದ ಹೆಸರಿನಲ್ಲಿ ಬರುವ ಕೃತಕ ಹೊಗಳಿಕೆಗಳಿಗೆ ಕಡಿವಾಣ ಹಾಕಲು ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿಯೇ ಒಂದು ಮಾನಕವನ್ನು ಪ್ರಕಟಿಸಿದೆ.

ಆದರೆ ನಮ್ಮಲ್ಲಿ ಒಂದು ಗಾದೆಯಿದೆ: ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ. ದೊಡ್ಡ ತಾಣಗಳು ತಮ್ಮಲ್ಲಿ ಬರುವ ಜಾಹೀರಾತುಗಳನ್ನು ಪರೀಕ್ಷಿಸುತ್ತವೆ. ಅದಕ್ಕೆ ಕೆಲವರು ಕಂಡುಕೊಂಡ ಉಪಾಯವೇನು? ಪರೀಕ್ಷೆಗೆ ಬಂದ ಯಂತ್ರಕ್ಕೆ ಸಭ್ಯವಾದ ಒಂದು ಪುಟ ತೋರಿಸುವದು, ಒತ್ತಿದ ಗಿರಾಕಿಗೆ ಬೇರೆಯೇ ಪುಟ ತೋರಿಸುವದು. ತನಿಖೆಗೆ ಬಂದ ಸಾಹೇಬರಿಗೆ ಒಂದು ತೂಕದ ಕಲ್ಲು, ಹಳ್ಳಿಯಿಂದ ಬಂದವನಿಗೆ ಇನ್ನೊಂದು ತೂಕದ ಕಲ್ಲು ಇಡುತ್ತಿದ್ದ ಹಳೆಯ ಅಂಗಡಿಯ ನೆನಪಾಗುತ್ತದೆ. ಇನ್ನು ‘ಇದು ಜಾಹೀರಾತು’ ಎಂದು ಗುರುತು ಹಾಕಬೇಕೆಂಬ ನಿಯಮವಿದ್ದರೆ, ಗುರುತು ಇರುತ್ತದೆ. ಹುಡುಕಿದರೆ ಮಾತ್ರ ಸಿಗುತ್ತದೆ. ಗೂಗಲ್ಲಿನಲ್ಲಿ ಏನಾದರೂ ಹುಡುಕಿದಾಗ ಮೊದಲ ವರ್ಷಗಳಲ್ಲಿ ಜಾಹೀರಾತುಗಳ ಹಿಂದೆ ಬೇರೆ ಬಣ್ಣವಿರುತ್ತಿತ್ತು. ಕ್ರಮೇಣ ಆ ಬಣ್ಣ ಹೋಗಿ ಒಂದು ಚಿಕ್ಕ ಶಬ್ದ ಮಾತ್ರ ಉಳಿಯಿತು. ಕನ್ನಡದಲ್ಲಿ ಈ ಗುರುತಿಗೆ ‘ಪ್ರಾಯೋಜಿತ’ ಎಂದು ಬರೆಯುವದನ್ನು ಕಂಡಿದ್ದೇನೆ. ನಾನು ಪಂಡಿತ ಪರೀಕ್ಷೆ ಮಾಡಿದವನು. ನನಗೆ ಈ ಶಬ್ದ ತಿಳಿಯುತ್ತದೆ. ನಮ್ಮ ಮನೆಗೆ ಹಾಲು ತರುವ ತಾಯಿಗೆ ತಿಳಿಯುವದಿಲ್ಲ. ‘ಹಣ ಕೊಟ್ಟು ಹಾಕಿಸಿದ್ದು’ ಎಂದು ಬರೆದರೆ ಆಕೆಗೂ ತಿಳಿಯುತ್ತದೆ. ನಿಯಮ ಪಾಲಿಸಿದಂತೆಯೂ ಆಯಿತು, ಯಾರಿಗೂ ತಿಳಿಯದಂತೆಯೂ ಆಯಿತು ಎಂಬದು ಒಂದು ಜಾಣತನ. ನೀತಿಗೆ ಅದು ಬೇಡ.

ಇಷ್ಟು ಹೊತ್ತು ಪರರ ತಪ್ಪು ಹೇಳಿದೆ. ಇನ್ನು ನನ್ನದನ್ನೂ ಹೇಳಬೇಕು. ಅದನ್ನು ಹೇಳದೆ ಈ ಭಾಷಣ ಪ್ರಾಮಾಣಿಕವಾಗಲಾರದು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ತರಗತಿಯಲ್ಲಿ ಒಳ್ಳೆಯ ಪ್ರಬಂಧ ಬರೆಯುತ್ತಿದ್ದ ಹುಡುಗ. ಒಂದು ಕಂಪನಿಗೆ ಮನೆಯಲ್ಲಿಯೇ ಕುಳಿತು ಬರೆಯುವ ಕೆಲಸ ಹಿಡಿದಿದ್ದೇನೆ, ಒಂದೊಂದು ಬರಹಕ್ಕೆ ಇಷ್ಟಿಷ್ಟು ಕೊಡುತ್ತಾರೆ ಎಂದನು. ‘ಸರ, ಸ್ವಲ್ಪ ತಿದ್ದಿಕೊಡ್ರಿ’ ಎಂದು ಮೊಬೈಲನ್ನು ಮುಂದೆ ಹಿಡಿದನು. ಒಬ್ಬ ಮಗ ತನ್ನ ತಾಯಿಯ ಬಗೆಗೆ ಬರೆದ ಎಂಟು ಹತ್ತು ಸಾಲುಗಳು. ಆಕೆಗೆ ಹನ್ನೆರಡು ವರ್ಷಗಳ ಮಧುಮೇಹ. ಒಂದು ಪುಡಿಯಿಂದ ಎರಡು ತಿಂಗಳಲ್ಲಿ ಗುಣವಾಯಿತು. ನಾನು ಅದರ ವಿಷಯಕ್ಕಿಂತ ಭಾಷೆಯ ಕಡೆಗೆ ನೋಡಿದೆನು. ಅದು ಮೇಷ್ಟರ ಚಟ. ‘ಮಾತೃಶ್ರೀಯವರು ಮಧುಮೇಹದಿಂದ ಬಳಲುತ್ತಿದ್ದರು’ ಎಂದು ಯಾವ ಮಗನು ಹೇಳುತ್ತಾನೋ? ‘ನಮ್ಮವ್ವಗ ಸಕ್ಕರಿ ಬ್ಯಾನಿ ಇತ್ರಿ’ ಎಂದು ಬರೆ ಎಂದೆನು. ಹಬ್ಬದ ದಿನ ಎಲ್ಲರೂ ಹೋಳಿಗೆ ಉಣ್ಣುವಾಗ ಆಕೆ ಸುಮ್ಮನೆ ನೋಡುತ್ತ ಕೂಡುತ್ತಿದ್ದಳು ಎಂಬ ಒಂದು ಸಾಲನ್ನು ನಾನೇ ಸೇರಿಸಿದೆನು. ಬರಹಕ್ಕೆ ಜೀವ ಬಂತು. ಹುಡುಗನಿಗೆ ಬಹಳ ಸಂತೋಷವಾಯಿತು. ಎದ್ದು ಹೋಗುವಾಗ ನಾನು, ‘ಈಗ ಅವ್ವ ಆರಾಮ ಇದ್ದಾಳೇನು?’ ಎಂದು ಕೇಳಿದೆನು. ಅವನು ನಕ್ಕು, ‘ನಮ್ಮವ್ವಗ ಏನೂ ಆಗಿಲ್ರಿ ಸರ. ಇವು ಹಿಂಗ ಬರಿಯೂವರಿ. ದಿನಾ ಹತ್ತು ಬರೀಬೇಕು’ ಎಂದನು.

ನಾನು ಕುಳಿತಲ್ಲಿಯೇ ಕುಳಿತೆನು. ಇದು ತಪ್ಪಲ್ಲವೇನೋ ಎಂದು ಕೇಳಿದಾಗ ಅವನು ಕೊಟ್ಟ ಉತ್ತರ ಹೀಗಿತ್ತು: ‘ಎಲ್ಲಾರೂ ಹಿಂಗ ಮಾಡತಾರ್ರಿ. ನಾ ಬರೀಲಿಲ್ಲಂದ್ರ ಇನ್ನೊಬ್ಬಾಂವ ಬರೀತಾನ. ಮನೀ ಬಾಡಿಗಿ ಯಾರು ಕೊಡತಾರ್ರಿ?’ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಆ ಸಾಲುಗಳನ್ನು ಕಳಿಸಬೇಡವೆಂದು ಹೇಳಿದೆನು. ಅವನು ತಲೆ ಅಲ್ಲಾಡಿಸಿ ಹೋದನು. ಕಳಿಸಿದನೋ ಬಿಟ್ಟನೋ ನನಗೆ ತಿಳಿಯದು. ಆದರೆ ನಾನು ಸೇರಿಸಿದ ಆ ಹೋಳಿಗೆಯ ಸಾಲು ಎಲ್ಲಿಯೋ ಯಾವದೋ ಮೊಬೈಲಿನಲ್ಲಿ ಓಡಾಡುತ್ತಿರಬಹುದು; ಅದನ್ನು ಓದಿದ ಯಾವಳೋ ಒಬ್ಬ ತಾಯಿ ವೈದ್ಯರು ಕೊಟ್ಟ ಗುಳಿಗೆಗಳನ್ನು ಮೂಲೆಗಿಟ್ಟು ಆ ಪುಡಿಯನ್ನು ತರಿಸಿಕೊಂಡಿರಬಹುದು ಎಂಬ ಯೋಚನೆ ರಾತ್ರಿ ಎಷ್ಟೋ ಸಲ ಬಂದಿದೆ. ಆಕೆಯನ್ನು ಮೋಸಗೊಳಿಸಿದ್ದು ಪುಡಿಯಲ್ಲ, ನಮ್ಮ ಊರಿನ ಸವಿಯಾದ ಮಾತು. ಆ ಮಾತನ್ನು ಕಲಿಸಿದವನು ನಾನು.

ಅಂದು ಹೊಳೆಯದ ಉತ್ತರವನ್ನು ಈಗ ಹೇಳುವ ಪ್ರಯತ್ನ ಮಾಡುತ್ತೇನೆ. ‘ಎಲ್ಲರೂ ಮಾಡುತ್ತಾರೆ’ ಎಂಬದು ನಿಜವಲ್ಲ. ಸೀರೆಯ ಬೆನ್ನು ತೋರಿಸುವ ಆ ಹೆಣ್ಣುಮಗಳು ಮಾಡುವದಿಲ್ಲ. ಬೆಂಗೇರಿಯಲ್ಲಿ ಎಳೆ ಎಣಿಸುವ ಕೈಗಳು ಮಾಡುವದಿಲ್ಲ. ಆದರೆ ಒಬ್ಬನು ಸುಳ್ಳು ಹೇಳಿದಾಗ ಅದರ ದಂಡ ತೆರಬೇಕಾದವರು ಇಂಥವರೇ. ಹತ್ತು ಸಲ ಮೋಸಹೋದ ಗಿರಾಕಿ ಹನ್ನೊಂದನೆಯ ಸಲ ನಿಜವಾದ ಕಸೂತಿಯನ್ನೂ ನಂಬುವದಿಲ್ಲ. ಬೆಳ್ಳಗಿರುವದೆಲ್ಲ ಹಾಲಲ್ಲವೆಂದು ಕಲಿತವನು ಕೊನೆಗೆ ಹಾಲನ್ನೂ ಸಂಶಯದಿಂದ ನೋಡುತ್ತಾನೆ. ನಂಬಿಗೆಯೆಂಬದು ಊರಿನ ಕೆರೆಯ ನೀರಿದ್ದಂತೆ. ಕದಡುವವನು ಒಬ್ಬ, ಕುಡಿಯುವವರು ಎಲ್ಲರೂ.

ಪ್ರಾಮಾಣಿಕನಿಗೆ ಯಾವಾಗಲೂ ಲಾಭವಾಗುತ್ತದೆಂದು ನಾನು ಹೇಳಲಾರೆ. ಲೈನ್ ಬಜಾರದಲ್ಲಿ ಪೇಡೆಗಾಗಿ ಜನ ಸಾಲುಹಿಡಿದು ನಿಂತದ್ದನ್ನು ನೋಡಿದರೆ ಒಳ್ಳೆಯ ಮಾಲಿಗೆ ಬಾಯಿಮಾತೇ ಜಾಹೀರಾತು ಎನಿಸುತ್ತದೆ. ಆ ಸಾಲು ಬೆಳೆಯಲು ತಲೆಮಾರುಗಳು ಬೇಕಾದವು. ಇಂದು ಅಂಗಡಿ ತೆರೆದ ಹುಡುಗನಿಗೆ ಬರುವ ತಿಂಗಳ ಒಂದನೆಯ ತಾರೀಖಿಗೆ ಬಾಡಿಗೆ ಬೇಕು. ಸುಳ್ಳು ಬೇಗ ಓಡುತ್ತದೆ, ನಿಜ ನಡೆದುಕೊಂಡು ಬರುತ್ತದೆ. ಈ ನಡುವಿನ ಕಾಲದ ಕಷ್ಟ ನಿಜವಾದದ್ದು. ಆದುದರಿಂದಲೇ ನೀತಿವಂತನ ಬೆನ್ನ ಹಿಂದೆ ನಿಯಮ ಇರಬೇಕು. ಸುಳ್ಳಿನವನಿಗೆ ದಂಡ ಬಿದ್ದಾಗ ಮಾತ್ರ ನಿಜದವನು ಸರಿಸಮನಾಗಿ ಓಡಬಲ್ಲನು. ನೀತಿ ಇದ್ದರೆ ನಿಯಮ ಬೇಡವೆಂಬದೂ, ನಿಯಮ ಇದ್ದರೆ ನೀತಿ ಬೇಡವೆಂಬದೂ ಎರಡೂ ತಪ್ಪು.

ಮನೆಯಲ್ಲಿ ಕುಳಿತು ಕೇಳುತ್ತಿರುವ ನಾವು ಏನು ಮಾಡಬಹುದು? ಕೆಲವು ಸಣ್ಣ ಕೆಲಸಗಳಿವೆ. ‘ಇನ್ನು ಹತ್ತೇ ನಿಮಿಷ’ ಎಂದು ಯಾರಾದರೂ ಅವಸರ ಮಾಡಿದರೆ ಒಂದು ಲೋಟ ಚಹಾ ಕುಡಿದು ಬಂದು ಮತ್ತೆ ನೋಡುವದು. ರೋಗ ವಾಸಿಯಾದ ಕಥೆ ಬಂದರೆ ಅದನ್ನು ಮನೆಯ ವೈದ್ಯರ ಮುಂದೆ ಇಡುವದು. ಅವರು ಹೇಳುವವರೆಗೆ ಇದ್ದ ಗುಳಿಗೆ ಬಿಡದಿರುವದು. ಖಾದಿ, ಕಸೂತಿ ಎಂಬ ಹೆಸರು ಕಂಡರೆ ಗುರುತು ಕೇಳುವದು. ನಮಗೆ ಗೊತ್ತಿಲ್ಲದ್ದನ್ನು ನೆಂಟರಿಗೆ ಮುಂದೆ ಕಳಿಸದಿರುವದು, ಏಕೆಂದರೆ ನಾವು ಕಳಿಸಿದೊಡನೆ ಆ ಜಾಹೀರಾತಿಗೆ ನಮ್ಮ ಹೆಸರಿನ ಮುದ್ರೆ ಬೀಳುತ್ತದೆ. ಮೋಸಹೋದರೆ ನಾಚಿಕೊಂಡು ಸುಮ್ಮನೆ ಕೂಡಬಾರದು. ಕೊಂಡ ಮಾಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಣವನ್ನೇ ಲಪಟಾಯಿಸಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ಎರಡು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿರಿ.

ನಾನು ಮಾಡಿದ ಸಣ್ಣ ಕೆಲಸವೂ ಒಂದಿದೆ. ಪ್ರತಿವರ್ಷ ತರಗತಿಯಲ್ಲಿ ‘ಒಂದು ಜಾಹೀರಾತು ಬರೆಯಿರಿ’ ಎಂಬ ಅಭ್ಯಾಸ ಕೊಡುವದು ನನ್ನ ರೂಢಿ. ಮೊದಲೆಲ್ಲ ಪ್ರಾಸ ನೋಡಿ, ಅಲಂಕಾರ ನೋಡಿ ಅಂಕ ಹಾಕುತ್ತಿದ್ದೆನು. ಆ ಹುಡುಗ ಬಂದು ಹೋದ ಮೇಲೆ ಅಭ್ಯಾಸದ ಕೆಳಗೆ ಮೂರು ಪ್ರಶ್ನೆ ಸೇರಿಸಿದ್ದೇನೆ. ಈ ಮಾತನ್ನು ಯಾರು ಆಡುತ್ತಿದ್ದಾರೆಂದು ಓದಿದವರಿಗೆ ತಿಳಿಯುತ್ತದೆಯೆ? ಓದುವವರಿಗೆ ಬೇಕಾದ ಏನನ್ನಾದರೂ ಬಚ್ಚಿಟ್ಟಿರುವೆಯಾ? ಈ ವಸ್ತುವನ್ನು ಇದೇ ಮಾತು ಹೇಳಿ ನಿಮ್ಮ ಅವ್ವನಿಗೆ ಮಾರುವೆಯಾ? ಮೂರಕ್ಕೂ ಉತ್ತರ ಬರೆದ ಮೇಲೆಯೇ ಅಂಕ.

ಕಳೆದ ವರ್ಷ ಒಬ್ಬ ಹುಡುಗಿ ತನ್ನ ತಂದೆಯ ಗಾಡಿಗೆ ಜಾಹೀರಾತು ಬರೆದಿದ್ದಳು. ಅವರದು ಗಿರ್ಮಿಟ್ಟು, ಮಿರ್ಚಿಯ ಸಣ್ಣ ಗಾಡಿ. ಆಕೆ ಬರೆದದ್ದು ಹೀಗಿತ್ತು: ‘ನಮ್ಮಪ್ಪನ ಗಿರ್ಮಿಟ್ಟು ಸಂಜೆ ಏಳಕ್ಕ ಮುಗೀತದ. ಆಮ್ಯಾಲ ಬಂದವರಿಗೆ ಮಿರ್ಚಿ ಅಷ್ಟ. ಖಾರ ಬ್ಯಾಡಂದವರು ಮೊದಲ ಹೇಳ್ರಿ. ಹಿಂಗ ಬರದಾಕಿ ಅವರ ಮಗಳು.’ ಪ್ರಾಸವಿಲ್ಲ, ಅಲಂಕಾರವಿಲ್ಲ. ಹೇಳುವವರು ಯಾರೆಂಬದು ಕೊನೆಯ ಸಾಲಿನಲ್ಲಿದೆ. ನಾನು ಪೂರ್ತಿ ಅಂಕ ಕೊಟ್ಟು, ಅಂದು ಸಂಜೆ ಆರೂವರೆಗೆ ಗಾಡಿಯ ಮುಂದೆ ಹೋಗಿ ನಿಂತೆನು. ನನಗಿಂತ ಮುಂದೆ ಏಳೆಂಟು ಜನರಿದ್ದರು.

(ಧಾರವಾಡ ಆಕಾಶವಾಣಿಯಿಂದ ಪ್ರಸಾರವಾದ ಭಾಷಣ)